ಮುಕ್ತ ತಂತ್ರಾಂಶ ಬಳಗಗಳಲ್ಲಿ ಮಹಿಳೆಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶದ, ಸಭೆಗಳನ್ನು ನಡೆಸುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿದ್ದೇನೆ. ಅಂದಿನ ವಿಷಯ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್ ಆಗಿರಲಿ, ಕನ್ನಡ ಫಾಂಟ್ ಆಗಿರಲಿ, ಕೊನೆಯಲ್ಲಿ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವು ನಿಜವಾದ ಕುತೂಹಲದಿಂದ, ಕೆಲವು ಕೊಂಚ ಕೆಣಕುವ ದನಿಯಲ್ಲಿ. ಪ್ರತಿ ಸಲವೂ ಕಾಫಿ ಲೋಟ ಹಿಡಿದು ನಿಂತು ಅದೇ ಉತ್ತರ ಹೇಳುವ ಬದಲು ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು, ನಮ್ಮ ಬಳಗದ ಎಲ್ಲರೂ ಎಲ್ಲವನ್ನೂ ಒಪ್ಪುವುದಿಲ್ಲ.

ಕೋಡ್ ಬರೆದವರು ಹೆಣ್ಣೋ ಗಂಡೋ ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಹಾಗಿರುವಾಗ ಈ ಮಾತನ್ನೇ ಏಕೆ ಎತ್ತಬೇಕು?

ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಮುಕ್ತ ತಂತ್ರಾಂಶದಲ್ಲಿ ಹೊಸಬರ ಕೋಡ್ ಕಂಪ್ಯೂಟರನ್ನು ತಲುಪುವ ಮೊದಲು ಮನುಷ್ಯರ ಕೈ ದಾಟಬೇಕು. ನೀವು ಪ್ಯಾಚ್, ಅಂದರೆ ಕೋಡಿಗೆ ಮಾಡಿದ ಒಂದು ತಿದ್ದುಪಡಿ, ಕಳಿಸುತ್ತೀರಿ. ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್ ಅದನ್ನು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದಿ ತನ್ನಿ ಎನ್ನುತ್ತಾರೆ, ಒಪ್ಪುತ್ತಾರೆ ಅಥವಾ ತಿಂಗಳುಗಟ್ಟಲೆ ಉತ್ತರವನ್ನೇ ಕೊಡದೆ ಬಿಡುತ್ತಾರೆ. ಈ ಓದಿನಲ್ಲಿ ಕೋಡಿನ ಜೊತೆಗೆ ಹೆಸರೂ ಕಣ್ಣಿಗೆ ಬೀಳುತ್ತದೆ.

ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದ ಪುಲ್ ರಿಕ್ವೆಸ್ಟ್‌ಗಳ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ಮೇಲೆ ಅಮೆರಿಕದ ಸಂಶೋಧಕರು ನಡೆಸಿ 2016ರಲ್ಲಿ ಬಹಿರಂಗಪಡಿಸಿದ, ಮರುವರ್ಷ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಹೆಚ್ಚು ಚರ್ಚೆಯಾಗಿದೆ. ಒಟ್ಟಾರೆ ಲೆಕ್ಕದಲ್ಲಿ ಮಹಿಳೆಯರು ಕಳಿಸಿದವುಗಳಲ್ಲಿ ಶೇ 78.6ರಷ್ಟು, ಪುರುಷರು ಕಳಿಸಿದವುಗಳಲ್ಲಿ ಶೇ 74.6ರಷ್ಟು ಸ್ವೀಕೃತವಾಗಿದ್ದವು. ಅಂದರೆ ಮಹಿಳೆಯರ ಕೆಲಸ ಒಂದು ಕೈ ಮೇಲೇ ಇತ್ತು. ಆದರೆ ಆ ಯೋಜನೆಗೆ ಹೊರಗಿನವರಾಗಿದ್ದು, ಪ್ರೊಫೈಲ್ ನೋಡಿದರೆ ಹೆಣ್ಣೆಂದು ತಿಳಿಯುವಂತಿದ್ದವರ ವಿಷಯದಲ್ಲಿ ಆ ಪ್ರಮಾಣ ಗಣನೀಯವಾಗಿ ಇಳಿದಿತ್ತು. ಗುರುತು ಸಿಗುವ ಪುರುಷರಿಗೂ ಇಳಿದಿತ್ತು, ಆದರೆ ಅಷ್ಟೊಂದು ಅಲ್ಲ. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಗಿಬಿಡುವುದಿಲ್ಲ. ಆದರೂ ಕೋಡಿಗೆ ಲಿಂಗವಿಲ್ಲ ಎಂಬ ಮಾತನ್ನು ಅಷ್ಟು ನಿಶ್ಚಿಂತೆಯಿಂದ ಹೇಳುವವರು ಇದನ್ನು ಒಮ್ಮೆ ಓದಬೇಕು. ನಾನು ಮೊದಲ ಎರಡು ವರ್ಷ ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿ ಪ್ಯಾಚ್ ಕಳಿಸುತ್ತಿದ್ದೆ. ಬಂದ ಉತ್ತರಗಳಲ್ಲಿ ಬಹುಪಾಲು 'ಬ್ರೋ' ಎಂದೇ ಆರಂಭವಾಗುತ್ತಿದ್ದವು; ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ.

ನಿಜವಾಗಿ ಎಷ್ಟು ಮಂದಿ ಮಹಿಳೆಯರಿದ್ದಾರೆ?

ಯುರೋಪಿಯನ್ ಒಕ್ಕೂಟದ ನೆರವಿನಿಂದ ನಡೆದು 2006ರಲ್ಲಿ ಹೊರಬಂದ ಫ್ಲಾಸ್‌ಪೋಲ್ಸ್ ಅಧ್ಯಯನದ ಪ್ರಕಾರ ಮುಕ್ತ ತಂತ್ರಾಂಶ ಸಮುದಾಯದಲ್ಲಿ ಮಹಿಳೆಯರು ಸುಮಾರು ಶೇ 1.5, ಅದೇ ಕಾಲದಲ್ಲಿ ಖಾಸಗಿ ಹಕ್ಕಿನ ತಂತ್ರಾಂಶ ಬರೆಯುವ ಉದ್ಯಮದಲ್ಲಿ ಅವರು ಸುಮಾರು ಶೇ 28. 2017ರಲ್ಲಿ ಗಿಟ್‌ಹಬ್ ನಡೆಸಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಶೇ 95 ಪುರುಷರು, ಶೇ 3 ಮಹಿಳೆಯರು. ಹನ್ನೊಂದು ವರ್ಷಗಳಲ್ಲಿ ಆದದ್ದು ಇಷ್ಟು.

ಈ ಅಂಕಿಗಳಲ್ಲಿ ನನ್ನನ್ನು ಕಾಡುವುದು ಮೊದಲನೆಯ ಅಧ್ಯಯನದ ಎರಡು ಸಂಖ್ಯೆಗಳ ನಡುವಿನ ಅಂತರ. ಭಾರತದ ಐಟಿ ಉದ್ಯೋಗಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಹಿಳೆಯರೇ ಇದ್ದಾರೆ; ಬೆಳಿಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಂಪನಿ ಬಸ್ಸುಗಳ ಕಿಟಕಿಗಳತ್ತ ಕಣ್ಣು ಹಾಯಿಸಿದರೂ ಇದು ತಿಳಿಯುತ್ತದೆ. ಅದೇ ಊರಿನಲ್ಲಿ ಶನಿವಾರ ಮುಕ್ತ ತಂತ್ರಾಂಶದ ಸಭೆ ಕರೆದರೆ ನಲವತ್ತು ಜನ ಬರುವ ಕಡೆ ಮಹಿಳೆಯರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಸಂಬಳಕ್ಕೆ ಕೋಡ್ ಬರೆಯುವ ಇಷ್ಟು ಮಂದಿ ಸಂಬಳವಿಲ್ಲದೆ ಬರೆಯುವ ಜಾಗಕ್ಕೆ ಬರುವಷ್ಟರಲ್ಲಿ ಎಲ್ಲಿ ಉಳಿದುಹೋಗುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಅವರಿಗೆ ಆಸಕ್ತಿಯಿಲ್ಲ ಎಂಬುದೇ ಸರಳವಾದ ಉತ್ತರವಲ್ಲವೇ?

ಸರಳ ಹೌದು, ಸರಿಯಲ್ಲ. ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಮುಕ್ತ ತಂತ್ರಾಂಶ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಡಿ 2006ರಲ್ಲಿ, ಲಿನಕ್ಸ್‌ನ ಪರದೆಯನ್ನು ರೂಪಿಸುವ ಗ್ನೋಮ್ ಡೆಸ್ಕ್‌ಟಾಪ್ ಬಳಗಕ್ಕೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಒಂದೂ ಮಹಿಳೆಯದಾಗಿರಲಿಲ್ಲ. ಬಳಗದವರು ಅದೇ ಬೇಸಿಗೆಯಲ್ಲಿ ಮಹಿಳೆಯರಿಗೆಂದೇ ಸಣ್ಣದೊಂದು ಯೋಜನೆ ಪ್ರಕಟಿಸಿದರು. ನೂರರಷ್ಟು ಅರ್ಜಿಗಳು ಬಂದವು. ಒಂದೇ ವರ್ಷ, ಒಂದೇ ತಂತ್ರಾಂಶ. ಆಸಕ್ತಿ ಕೆಲವೇ ವಾರಗಳಲ್ಲಿ ಹುಟ್ಟಿಕೊಂಡಿತೆಂದು ಯಾರೂ ಹೇಳಲಾರರು. 'ನಿಮಗೂ ಹೇಳುತ್ತಿದ್ದೇವೆ' ಎಂದು ಹೇಳಿದ್ದಷ್ಟೇ ವ್ಯತ್ಯಾಸ. ಆ ಯೋಜನೆಯೇ 2010ರಲ್ಲಿ ಮತ್ತೆ ಆರಂಭವಾಗಿ, ಮುಂದೆ ಔಟ್‌ರೀಚಿ ಎಂಬ ಹೆಸರು ಪಡೆಯಿತು.

ಕರೆಯುವುದು ಒಂದು ಭಾಗ. ಇನ್ನೊಂದು ಭಾಗ ಬಿಡುವಿನದು, ಮತ್ತು ನನ್ನ ಮಟ್ಟಿಗೆ ಇದೇ ದೊಡ್ಡದು. ಮುಕ್ತ ತಂತ್ರಾಂಶ ನಿಂತಿರುವುದು ಕೆಲಸ ಮುಗಿದ ಮೇಲಿನ ಗಂಟೆಗಳ ಮೇಲೆ: ರಾತ್ರಿ ಊಟವಾದ ಮೇಲೆ ಎರಡು ಗಂಟೆ, ಭಾನುವಾರ ಅರ್ಧ ದಿನ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದೂ, ಆ ಕೆಲಸ ಮಾಡುವ ಪುರುಷರು 97 ನಿಮಿಷ ಕೊಡುತ್ತಾರೆಂದೂ ದಾಖಲಾಯಿತು. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88. ಇಬ್ಬರಿಗೂ ಕೊಂಚ ಕಡಿಮೆಯಾಗಿದೆ, ನಡುವಿನ ಅಂತರ ಹಾಗೆಯೇ ಉಳಿದಿದೆ. ದಿನಕ್ಕೆ ಮೂರು ಗಂಟೆಗೂ ಮೀರಿದ ಈ ಅಂತರ, ಒಬ್ಬ ಒಳ್ಳೆಯ ಮೇಂಟೇನರ್ ಆಗಲು ಬೇಕಾದ ಬಿಡುವಿಗಿಂತ ಹೆಚ್ಚು. ಗಿಟ್‌ಹಬ್ ಪುಟದಲ್ಲಿ ಕೆಲಸ ಮಾಡಿದ ದಿನವನ್ನು ತೋರಿಸುವ ಹಸಿರು ಚೌಕಗಳನ್ನು ದಿನಕ್ಕೊಂದರಂತೆ ತುಂಬಿಸಿರುವ ಹುಡುಗನನ್ನು ಕಂಡು ನಾವು ಶ್ರದ್ಧೆ ಎನ್ನುತ್ತೇವೆ. ಶ್ರದ್ಧೆ ಇದ್ದೀತು, ಅವನ ತಟ್ಟೆಯನ್ನು ಬೇರೆ ಯಾರೋ ತೊಳೆದಿದ್ದಾರೆ ಎಂಬುದೂ ಇದ್ದೀತು.

ಬೆಂಗಳೂರಿನಲ್ಲಿ ಇದಕ್ಕೆ ಊರಿನ ಲೆಕ್ಕವೂ ಸೇರುತ್ತದೆ. ವಾರದ ದಿನ ಸಂಜೆ ಏಳಕ್ಕೆ ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಬಡಾವಣೆಯಲ್ಲೋ ಸಭೆ ಇಟ್ಟರೆ, ಮುಗಿಯುವುದು ಒಂಬತ್ತೂವರೆಗೆ. ಅನಂತರ ಹೊರಗೆ ನಿಂತು ಹರಟುವ ಅರ್ಧ ಗಂಟೆಯಲ್ಲೇ ನಿಜವಾದ ಪರಿಚಯಗಳಾಗುವುದು, ಯಾರು ಯಾವ ಮಾಡ್ಯೂಲ್ ನೋಡಿಕೊಳ್ಳಬೇಕೆಂಬ ತೀರ್ಮಾನಗಳೂ ಆಗುವುದು. ಪಿಜಿಯ ಗೇಟು ಹತ್ತಕ್ಕೆ ಮುಚ್ಚುವ ಹುಡುಗಿ ಒಂಬತ್ತಕ್ಕೇ ಎದ್ದು ಹೊರಟಿರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಿಎಂಟಿಸಿ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ಚಿಂತೆ ಹೋಯಿತು, ಆದರೆ ರಾತ್ರಿ ಹತ್ತಕ್ಕೆ ಬಸ್ಸು ಬರುತ್ತದೋ ಇಲ್ಲವೋ ಎಂಬ ಚಿಂತೆ ಉಳಿಯಿತು. ನಮ್ಮ ಸಭೆಗಳನ್ನು ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಮೆಟ್ರೋ ನಿಲ್ದಾಣದಿಂದ ನಡೆದು ಹೋಗಬಹುದಾದ ಜಾಗಕ್ಕೆ ಬದಲಿಸಿದ ಮೇಲೆ ಬರುವ ಮಹಿಳೆಯರ ಸಂಖ್ಯೆ ಕಣ್ಣಿಗೆ ಕಾಣುವಂತೆ ಏರಿತು. ಬೇರೇನನ್ನೂ ನಾವು ಬದಲಿಸಿರಲಿಲ್ಲ.

ಮೊದಲಿನಿಂದಲೂ ಇದು ಗಂಡಸರೇ ಕಟ್ಟಿದ ಕ್ಷೇತ್ರವಲ್ಲವೇ?

ಅಲ್ಲ. 1945ರ ಹೊತ್ತಿಗೆ, ಆರಂಭದ ಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರಾದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಬರೆದವರು ಆರು ಮಂದಿ ಮಹಿಳೆಯರು. ಮುಕ್ತ ತಂತ್ರಾಂಶಕ್ಕಿರುವ 'ಓಪನ್ ಸೋರ್ಸ್' ಎಂಬ ಇನ್ನೊಂದು ಹೆಸರನ್ನೇ 1998ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ನಡೆದ ಸಣ್ಣ ಸಭೆಯೊಂದರಲ್ಲಿ ಮುಂದಿಟ್ಟವರು ಕ್ರಿಸ್ಟೀನ್ ಪೀಟರ್ಸನ್. ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲದ ಪರವಾನಗಿಯನ್ನು ಬರೆದವರು, ಮುಂದೆ ಆ ಯೋಜನೆಯನ್ನು ದೀರ್ಘಕಾಲ ಮುನ್ನಡೆಸಿದವರು ವಕೀಲೆ ಮಿಚೆಲ್ ಬೇಕರ್. ಈ ಹೆಸರುಗಳು ಪರಿಚಯದ ಭಾಷಣಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ.

ಮಹಿಳೆಯರಿಗೇ ಪ್ರತ್ಯೇಕ ಗುಂಪು ಏಕೆ ಬೇಕು? ಇದರಿಂದ ಒಡಕು ಹೆಚ್ಚುವುದಿಲ್ಲವೇ?

ಈ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾದಾಗಲೂ ಸಾಹಿತ್ಯದಲ್ಲಿ ಹೆಣ್ಣು ಗಂಡೆಂಬ ಭೇದವುಂಟೇ ಎಂಬ ಮಾತು ಇದ್ದೇ ಇತ್ತು. ಭೇದ ಇರಬಾರದು ಎಂಬುದು ಆಶಯ. ವಸ್ತುಸ್ಥಿತಿಯೆಂದರೆ, 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾಗಿ ಜಯದೇವಿತಾಯಿ ಲಿಗಾಡೆಯವರು ಆಯ್ಕೆಯಾಗಲು 1974ರ ಮಂಡ್ಯ ಸಮ್ಮೇಳನದವರೆಗೆ ಕಾಯಬೇಕಾಯಿತು. ಆ ಸುಮಾರು ಅರವತ್ತು ವರ್ಷ ಕನ್ನಡದಲ್ಲಿ ಬರೆಯುವ ಹೆಂಗಸರು ಇರಲಿಲ್ಲವೆಂದಲ್ಲ. ವೇದಿಕೆಯ ಪಟ್ಟಿ ತಯಾರಿಸುವ ಕೋಣೆಯಲ್ಲಿ ಅವರು ಇರಲಿಲ್ಲ.

ತಂತ್ರಾಂಶದಲ್ಲೂ ಇದೇ ದಾರಿ. ಲಿನಕ್ಸ್ ಬಳಸುವ ಮಹಿಳೆಯರಿಗಾಗಿ ಕಳೆದ ಶತಮಾನದ ಕೊನೆಗೆ ಹುಟ್ಟಿದ ಲಿನಕ್ಸ್‌ಚಿಕ್ಸ್ ಬಳಗಕ್ಕೆ ಇದ್ದ ನಿಯಮಗಳು ಎರಡೇ: ಸೌಜನ್ಯದಿಂದಿರಿ, ನೆರವಾಗಿರಿ. ಅಷ್ಟನ್ನು ನಿಯಮವೆಂದು ಬರೆಯಬೇಕಾಗಿ ಬಂದದ್ದೇ ಉಳಿದ ಜಾಗಗಳ ಹವೆ ಹೇಗಿತ್ತೆಂದು ಹೇಳುತ್ತದೆ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಯೋಜನೆಯಲ್ಲಿ 2004ರಲ್ಲಿ ಡೆಬಿಯನ್ ವಿಮೆನ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಳಗದಲ್ಲಿ 2011ರಲ್ಲಿ ಪೈಲೇಡೀಸ್ ಬಂದವು. ಇವುಗಳ ದಿನನಿತ್ಯದ ಕೆಲಸದಲ್ಲಿ ಘೋಷಣೆಗಳು ಕಡಿಮೆ, ತಂತ್ರಾಂಶವನ್ನು ಹಂಚಲು ಸಿದ್ಧವಾದ ಪ್ಯಾಕೇಜಾಗಿ ಕಟ್ಟುವುದನ್ನು ಕಲಿಸುವುದು ಹೆಚ್ಚು. 'ಇದು ಗೊತ್ತಿಲ್ಲವೇ?' ಎಂಬ ನಗು ಎದುರಾಗದ ಕಡೆ ಪ್ರಶ್ನೆ ಕೇಳಲು ಕಲಿತವರು ದೊಡ್ಡ ಬಳಗಕ್ಕೆ ಹೋಗಿ ಅಲ್ಲೂ ಕೇಳುತ್ತಾರೆ. ಹಳ್ಳಿಯ ಸೊಸೈಟಿಯ ಸಭೆಯಲ್ಲಿ ಬಾಯಿ ಬಿಡದ ಹೆಂಗಸರು ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಒಪ್ಪಿಸಿ ಅಭ್ಯಾಸವಾದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಪ್ರತ್ಯೇಕ ಗುಂಪುಗಳಲ್ಲಿ ತೊಡಕೇ ಇಲ್ಲವೆಂದು ಹೇಳಲಾರೆ. ದೊಡ್ಡ ಬಳಗದವರು 'ಅವರಿಗೆ ಅವರದ್ದೇ ಗುಂಪಿದೆಯಲ್ಲ' ಎಂದು ತಮ್ಮ ಹೊಣೆಯನ್ನು ಇಳಿಸಿಕೊಳ್ಳಲು ಅದು ನೆಪವಾಗಬಹುದು. ಇನ್ನೊಂದು ತೊಡಕು ಕರೆಯ ಸ್ವರೂಪದ್ದು. ಮಾರ್ಚ್ 8 ಹತ್ತಿರವಾದಂತೆ ನನಗೆ ಆಹ್ವಾನಗಳು ಬರುತ್ತವೆ: 'ಮೇಡಂ, ಮಹಿಳೆಯಾಗಿ ನಿಮ್ಮ ಅನುಭವ ಹೇಳಿ.' ನಾನು ಹತ್ತು ವರ್ಷಗಳಿಂದ ಕೆಲಸ ಮಾಡಿರುವುದು ಡೇಟಾಬೇಸ್ ಇಂಡೆಕ್ಸ್‌ಗಳ ಮೇಲೆ. ಅದರ ಬಗ್ಗೆ ಮಾತನಾಡಿ ಎಂದು ಕರೆದವರು ಇಬ್ಬರೇ. ಗುರುತು ಎಂಬುದು ಬಾಗಿಲು ತೆರೆಯುವ ಕೀಲಿಯಾಗಬೇಕಿತ್ತು, ಎಷ್ಟೋ ಕಡೆ ಕೊರಳಿಗೆ ತೂಗುಹಾಕಿದ ಫಲಕವಾಗಿದೆ.

'ಮಹಿಳೆಯರು' ಎಂದರೆ ಯಾರು? ಎಲ್ಲ ಮಹಿಳೆಯರ ಅನುಭವವೂ ಒಂದೇ ಆಗಿರಲು ಸಾಧ್ಯವೇ?

ಸಾಧ್ಯವಿಲ್ಲ, ಮತ್ತು ಇದನ್ನು ನಮ್ಮಂಥ ಗುಂಪುಗಳೇ ಮೊದಲು ಒಪ್ಪಬೇಕು. ಜಯನಗರದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿ, ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಕಂಡು ಬೆಳೆದ ನನಗೂ, ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮುಗಿಸಿ, ಬೊಮ್ಮನಹಳ್ಳಿಯ ಪಿಜಿಯಲ್ಲಿ ನಾಲ್ವರ ಜೊತೆ ಕೋಣೆ ಹಂಚಿಕೊಂಡು ಟೆಸ್ಟಿಂಗ್ ಕೆಲಸ ಮಾಡುವ ಹುಡುಗಿಗೂ ಮಹಿಳೆಯರೆಂಬ ಒಂದೇ ಪದ ಸಲ್ಲುತ್ತದೆ. ಆದರೆ ತಂತ್ರಾಂಶದ ದೋಷದ (ಬಗ್) ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅವಳ ಕೈ ತಡೆಯುವಷ್ಟು ನನ್ನ ಕೈ ತಡೆಯುವುದಿಲ್ಲ. ಟ್ರಾನ್ಸ್ ಮಹಿಳೆಯರಿಗೆ ಹಳೆಯ ಕಮಿಟ್‌ಗಳಲ್ಲಿ (ಹೆಸರಿನೊಂದಿಗೆ ದಾಖಲಾದ ಕೋಡ್ ಬದಲಾವಣೆಗಳಲ್ಲಿ) ಹಳೆಯ ಹೆಸರು ಉಳಿದುಹೋಗುವುದೇ ಒಂದು ಸಂಕಟ. ಆ ದಾಖಲೆಯನ್ನು ಇಡುವ ಗಿಟ್ ತಂತ್ರಾಂಶದಲ್ಲಿ ಇತಿಹಾಸವನ್ನು ತಿದ್ದುವುದು ಸುಲಭವಲ್ಲ.

ಇನ್ನು ಜಾತಿ. ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ನಡತೆ ಸಂಹಿತೆಗಳಲ್ಲಿ, ಅಂದರೆ ಬಳಗದೊಳಗೆ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳಲ್ಲಿ, ಬಹುಕಾಲ ಈ ಪದವೇ ಇರಲಿಲ್ಲ. ಹೆಚ್ಚು ಬಳಕೆಯಲ್ಲಿರುವ ಸಂಹಿತೆಯಾದ ಕಾಂಟ್ರಿಬ್ಯೂಟರ್ ಕವನೆಂಟ್‌ನ 2.0 ಆವೃತ್ತಿಯಲ್ಲಿ, ಯಾವುದರ ಆಧಾರದ ಮೇಲೆ ಭೇದ ಮಾಡಬಾರದೆಂಬ ಪಟ್ಟಿಯಲ್ಲಿಲ್ಲದ ಜಾತಿ, 2.1ರಲ್ಲಿ ಸೇರಿತು. ಅದು ಒಂದೇ ಒಂದು ಪದ, ಆದರೆ ಆ ಪದವಿಲ್ಲದಿದ್ದಾಗ ಇಲ್ಲಿಯ ಸಂಘಟಕರು 'ಅಂಥದ್ದೆಲ್ಲ ನಮ್ಮಲ್ಲಿ ಇಲ್ಲ' ಎಂದು ಹೇಳಿ ಸುಮ್ಮನಾಗುವುದು ಸುಲಭವಾಗಿತ್ತು. ಸಭೆಯ ಪರಿಚಯದ ಹೊತ್ತಿನಲ್ಲಿ 'ನಿಮ್ಮ ಪೂರ್ತಿ ಹೆಸರೇನು?' ಎಂದು ಕೇಳುವುದರ ಹಿಂದಿನ ಪ್ರಶ್ನೆ ಯಾವುದೆಂದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು.

ಮೆರಿಟ್ ಇದ್ದವರು ಮೇಲೆ ಬರುತ್ತಾರೆ. ಅದಕ್ಕಿಂತ ನ್ಯಾಯವಾದ ವ್ಯವಸ್ಥೆ ಯಾವುದು?

ಮೆರಿಟ್ ಆಳುವ ಸಮಾಜಕ್ಕೆ ಇಂಗ್ಲಿಷಿನಲ್ಲಿರುವ 'ಮೆರಿಟಾಕ್ರಸಿ' ಎಂಬ ಪದವನ್ನು ಜನಪ್ರಿಯಗೊಳಿಸಿದ್ದು 1958ರಲ್ಲಿ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್. ಅವರು ಅದನ್ನು ಬಳಸಿದ್ದು ವ್ಯಂಗ್ಯವಾಗಿ, ಎಚ್ಚರಿಕೆಯಾಗಿ. ಮುಂದಿನವರು ಅದನ್ನು ಹೊಗಳಿಕೆಯೆಂದು ಎತ್ತಿಕೊಂಡರು. ಗಿಟ್‌ಹಬ್ ಕಂಪನಿಯ ಕಚೇರಿಯಲ್ಲಿ ಆ ಪದವನ್ನು ನೇಯ್ದ ಜಮಖಾನೆಯೇ ಹಾಸಿತ್ತು. ಆಕ್ಷೇಪಗಳ ನಂತರ 2014ರಲ್ಲಿ ಅದನ್ನು ತೆಗೆದರು. ಕರ್ನಾಟಕದಲ್ಲಿ ಈ ಪದ ಸಿಇಟಿ ಸೀಟಿನ ಚರ್ಚೆಯಲ್ಲಿ ಹೇಗೆ ಬಳಕೆಯಾಗುತ್ತದೆಂದು ನೆನಪಿಸಿಕೊಂಡರೆ ಸಾಕು: ರ‍್ಯಾಂಕ್ ಎಣಿಸುತ್ತೇವೆ, ಕೋಚಿಂಗ್ ಫೀಸನ್ನು ಎಣಿಸುವುದಿಲ್ಲ.

ಪ್ಯಾಚಿನ ಗುಣಮಟ್ಟವನ್ನು ನೋಡಲೇಬೇಕು, ಅದರಲ್ಲಿ ರಿಯಾಯಿತಿ ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು, ಯಾವುದನ್ನು ಕೆಲಸವೆಂದು ಲೆಕ್ಕ ಹಿಡಿಯುತ್ತೇವೆ ಎಂದು. ಕೈಪಿಡಿ ಬರೆಯುವುದು, ಅನುವಾದ, ಹೊಸಬರ ಪ್ರಶ್ನೆಗಳಿಗೆ ಉತ್ತರ, ನೋಂದಣಿ ಮೇಜು, ಊಟದ ವ್ಯವಸ್ಥೆ: ಇವು ಹೆಚ್ಚಾಗಿ ಮಹಿಳೆಯರ ಪಾಲಿಗೆ ಬರುತ್ತವೆ, ಮತ್ತು ಇವು ಕಮಿಟ್ ಎಣಿಕೆಯಲ್ಲಿ ಕಾಣುವುದಿಲ್ಲ. ಮೇಂಟೇನರ್ ಹುದ್ದೆ ಕಮಿಟ್ ಎಣಿಸಿ ಬರುತ್ತದೆ.

ನಡತೆ ಸಂಹಿತೆಯಿಂದ ಪ್ರಯೋಜನವಿದೆಯೇ, ಅಥವಾ ಅದು ಗೋಡೆಗೆ ಅಂಟಿಸುವ ಕಾಗದ ಮಾತ್ರವೇ?

ದೂರು ಕೇಳುವವರು ಯಾರೆಂದು ಬರೆದಿಲ್ಲದಿದ್ದರೆ ಕಾಗದ ಮಾತ್ರವೇ. ಲಿನಕ್ಸ್ ಕರ್ನೆಲ್ ಬಳಗದ ಉದಾಹರಣೆ ನೋಡಿ. ಪ್ಯಾಚ್‌ಗಳ ಪರಿಶೀಲನೆಯಲ್ಲಿ (ರಿವ್ಯೂ) ಬರುತ್ತಿದ್ದ ಕಟುವಾದ ಬೈಗುಳಗಳನ್ನು ಪ್ರಶ್ನಿಸಿ 2013ರಲ್ಲಿ ಬಹಿರಂಗ ಚರ್ಚೆ ನಡೆಯಿತು. 2015ರಲ್ಲಿ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಎಂಬ ಚಿಕ್ಕ ಬರಹ ಬಂತು. ಹೆಸರೇ ಜಗಳವನ್ನು ಸಹಜವೆಂದು ಒಪ್ಪಿಕೊಂಡಿತ್ತು. 2018ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ತಮ್ಮ ವರ್ತನೆಗೆ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರ ಸರಿದರು, ಅದೇ ಹೊತ್ತಿಗೆ ಕಾಂಟ್ರಿಬ್ಯೂಟರ್ ಕವನೆಂಟ್ ಆಧಾರಿತ ಹೊಸ ಸಂಹಿತೆ ಜಾರಿಗೆ ಬಂತು. ಕರ್ನೆಲ್ ಹಾಳಾಯಿತು, ರಾಜಕೀಯದವರು ಹಿಡಿದರು ಎಂದು ಆಗ ಎಷ್ಟೋ ಜನ ಬರೆದರು. ಕರ್ನೆಲ್‌ನ ಹೊಸ ಆವೃತ್ತಿಗಳು ಒಂಬತ್ತು ಹತ್ತು ವಾರಗಳಿಗೊಮ್ಮೆ ಮೊದಲಿನಂತೆಯೇ ಬರುತ್ತಿವೆ.

ಕಾನೂನಿನ ಬಗ್ಗೆಯೂ ಒಂದು ಮಾತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಉದ್ಯೋಗಿ ಎಂಬ ಪದದ ವ್ಯಾಖ್ಯೆಯಲ್ಲಿ ಸ್ವಯಂಪ್ರೇರಿತವಾಗಿ ದುಡಿಯುವವರನ್ನೂ ಸೇರಿಸುತ್ತದೆ; ಕೆಲಸದ ನಿಮಿತ್ತ ಭೇಟಿ ಕೊಡುವ ಜಾಗವನ್ನೂ ಕೆಲಸದ ಸ್ಥಳವೆಂದು ಎಣಿಸುತ್ತದೆ. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ, ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಹತ್ತಕ್ಕಿಂತ ಕಡಿಮೆ ಇರುವ ಕಡೆಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ಕಂಪನಿ ಕಳಿಸಿದ ಸಮಾವೇಶದಲ್ಲಿ ಏನಾದರೂ ನಡೆದರೆ 'ಅದು ಆಫೀಸಿನ ಹೊರಗೆ' ಎಂದು ಹೇಳಿ ಕೈತೊಳೆದುಕೊಳ್ಳುವುದಕ್ಕೆ ಇಲ್ಲಿ ಅವಕಾಶವಿಲ್ಲ. ಹಿಂದೊಮ್ಮೆ ಒಂದು ಸಮಾವೇಶದಲ್ಲಿ ನನ್ನ ಗೆಳತಿಯೊಬ್ಬಳು ದೂರು ಕೊಡಲು ಹೋದಾಗ, ದೂರು ಸ್ವೀಕರಿಸುವವರ ಹೆಸರಿನ ಜಾಗದಲ್ಲಿ ಇದ್ದದ್ದು ಆಕೆ ಯಾರ ಮೇಲೆ ದೂರು ಕೊಡಬೇಕಿತ್ತೋ ಅವರದೇ ಹೆಸರು. ಅಂದಿನಿಂದ ನಾವು ಯಾವಾಗಲೂ ಎರಡು ಹೆಸರು ಹಾಕುತ್ತೇವೆ, ಒಂದು ಬಳಗದ ಹೊರಗಿನವರದು.

ತಂತ್ರಾಂಶದಲ್ಲಿ ರಾಜಕೀಯ ತರುವುದು ಸರಿಯೇ?

ತರಬೇಕಾಗಿಲ್ಲ, ಅದು ಮೊದಲೇ ಅಲ್ಲಿದೆ. 1983ರಲ್ಲಿ, ಮುಕ್ತ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಎತ್ತಿದ್ದು ತಂತ್ರಾಂಶ ಯಾರ ಹತೋಟಿಯಲ್ಲಿರಬೇಕು ಎಂಬ ಪ್ರಶ್ನೆಯನ್ನು. 1998ರಲ್ಲಿ 'ಓಪನ್ ಸೋರ್ಸ್' ಎಂಬ ಹೆಸರು ಬಂದದ್ದು ಆ ನೈತಿಕ ದನಿಯನ್ನು ಕೊಂಚ ತಗ್ಗಿಸಿ ಕಂಪನಿಗಳಿಗೆ ಹಿಡಿಸುವಂತೆ ಮಾಡಲು. ಅದೂ ಒಂದು ರಾಜಕೀಯ ನಿರ್ಧಾರವೇ. ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಯ ಷರತ್ತುಗಳನ್ನು ಹೆಮ್ಮೆಯಿಂದ ವಿವರಿಸುವವರೇ ಮಹಿಳೆಯರ ವಿಷಯ ಬಂದ ಕೂಡಲೇ 'ನಮಗೆ ರಾಜಕೀಯ ಬೇಡ' ಎನ್ನುವುದನ್ನು ಕೇಳಿದಾಗ, ಅವರಿಗೆ ಬೇಡವಾದದ್ದು ರಾಜಕೀಯವೋ ಈ ಒಂದು ರಾಜಕೀಯವೋ ಎಂಬ ಅನುಮಾನ ನನಗೆ ಬರುತ್ತದೆ.

ಕ್ಯಾರೆನ್ ಸ್ಯಾಂಡ್ಲರ್ ಅವರ ಕಥೆಯನ್ನು ಇಲ್ಲಿ ಹೇಳಬೇಕು. ಅಮೆರಿಕದ ಈ ವಕೀಲೆ, ಈಗ ಔಟ್‌ರೀಚಿಯನ್ನು ನಡೆಸುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಮುಖ್ಯಸ್ಥೆ, ಹೃದಯದ ಕಾಯಿಲೆಯ ಕಾರಣ ಎದೆಬಡಿತ ಅಪಾಯಕಾರಿಯಾಗಿ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಎಂಬ ಸಾಧನವನ್ನು ಎದೆಯೊಳಗೆ ಹಾಕಿಸಿಕೊಳ್ಳಬೇಕಾಯಿತು. ಅದರೊಳಗಿನ ತಂತ್ರಾಂಶವನ್ನು ನೋಡಬೇಕೆಂದು ಕೇಳಿದರು, ತಯಾರಕರು ತೋರಿಸಲಿಲ್ಲ. ಮುಂದೆ ಅವರು ಗರ್ಭಿಣಿಯಾದಾಗ ಎದೆಬಡಿತ ಏರುಪೇರಾಯಿತು. ಗರ್ಭಿಣಿಯರಲ್ಲಿ ಇದು ಅಪರೂಪವಲ್ಲ. ಯಂತ್ರ ಅದನ್ನು ಅಪಾಯವೆಂದು ತಪ್ಪಾಗಿ ಗ್ರಹಿಸಿ ಅವರಿಗೆ ಅನಗತ್ಯವಾಗಿ ವಿದ್ಯುತ್ ಆಘಾತ ಕೊಟ್ಟಿತು. ಇಂಥ ಸಾಧನ ಹಾಕಿಸಿಕೊಳ್ಳುವವರಲ್ಲಿ ವಯಸ್ಸಾದವರೂ ಗಂಡಸರೂ ಹೆಚ್ಚು. ಗರ್ಭಿಣಿಯೊಬ್ಬಳನ್ನು ತಯಾರಿಸಿದವರು ಮನಸ್ಸಿಗೆ ತಂದುಕೊಂಡಿರಲಿಲ್ಲ. ಕೋಡನ್ನು ಯಾರು ನೋಡಬಹುದು ಎಂಬ ಪ್ರಶ್ನೆಯೂ ಕೋಡ್ ಬರೆಯುವಾಗ ಯಾರು ನೆನಪಿಗೆ ಬರುತ್ತಾರೆ ಎಂಬ ಪ್ರಶ್ನೆಯೂ ಅವರ ಎದೆಯೊಳಗೆ ಒಂದೇ ಆಗಿದ್ದವು.

ಕನ್ನಡದ ತಂತ್ರಾಂಶಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ನೇರವಾಗಿಯೇ ಇದೆ. ಇಂಗ್ಲಿಷಿನ 'ಯೂಸರ್' ಪದಕ್ಕೆ ಲಿಂಗವಿಲ್ಲ; ನಾವು ಅದನ್ನು 'ಬಳಕೆದಾರ' ಎಂದೆವು, ಗಂಡಸಾಗಿಬಿಟ್ಟ. ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದ ಪ್ರತಿಯೊಬ್ಬರ ಪುಟವೂ 'ಸದಸ್ಯ' ಎಂಬ ಪದದಿಂದ ಆರಂಭವಾಗುತ್ತದೆ, ಬರೆಯುವವರು ಸದಸ್ಯೆಯಾಗಿದ್ದರೂ ಸರಿ. ಜರ್ಮನ್ ವಿಕಿಪೀಡಿಯದಲ್ಲಿ ಹೆಣ್ಣೆಂದು ಆಯ್ದುಕೊಂಡವರ ಪುಟಕ್ಕೆ ಸ್ತ್ರೀಲಿಂಗ ರೂಪವೇ ಕಾಣುತ್ತದೆ. ಸದಸ್ಯರ ಆಯ್ಕೆಗೆ ತಕ್ಕಂತೆ ಪದ ಬದಲಿಸುವ ಅನುಕೂಲ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲೇ ಇದೆ.

ಇದಕ್ಕೆ ಮದ್ದು ನಮ್ಮ ಭಾಷೆಯ ಒಳಗೇ ಇರುವುದು ಸಂತೋಷದ ಸಂಗತಿ. 'ಬಂದನು', 'ಬಂದಳು' ಎಂಬಲ್ಲಿ ಕ್ರಿಯಾಪದವೇ ಲಿಂಗವನ್ನು ಹೊತ್ತು ತರುತ್ತದೆ, ಆದರೆ 'ಬಂದರು' ಎಂದು ಗೌರವ ಕೊಟ್ಟ ಕ್ಷಣ ಲಿಂಗ ಕರಗುತ್ತದೆ. ಅನುವಾದಿಸುವಾಗ 'ಬಳಕೆದಾರರು ಗುಂಪಿಗೆ ಸೇರಿದರು' ಎಂದು ಬರೆದರೆ ಯಾರೂ ಹೊರಗುಳಿಯುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ಒಂದೇ ತೊಂದರೆಯೆಂದರೆ ಒಬ್ಬರೋ ಹಲವರೋ ಎಂಬ ಗೊಂದಲ. ಅಲ್ಲಿ 'ಒಬ್ಬರು' ಎಂದು ಸೇರಿಸಿದರಾಯಿತು. ನಮ್ಮ ಅನುವಾದದ ಕೂಟಗಳಲ್ಲಿ ಈ ಒಂದು ಪ್ರತ್ಯಯದ ಮೇಲೆ ಇಡೀ ಮಧ್ಯಾಹ್ನ ಕಳೆದದ್ದುಂಟು, ಮತ್ತು ಅದು ನಾವು ಕಳೆದ ಒಳ್ಳೆಯ ಮಧ್ಯಾಹ್ನಗಳಲ್ಲಿ ಒಂದು.

ಹೊಸಬಳು ಎಲ್ಲಿಂದ ಆರಂಭಿಸಬೇಕು?

ನೀವು ದಿನವೂ ಬಳಸುವ ಯಾವುದಾದರೂ ಮುಕ್ತ ತಂತ್ರಾಂಶದಿಂದ. ಅದರಲ್ಲಿ ನಿಮ್ಮನ್ನು ಕಾಡುವ ಒಂದು ಸಣ್ಣ ದೋಷವನ್ನು ಸ್ಪಷ್ಟವಾಗಿ ವರದಿ ಮಾಡಿ, ಆಮೇಲೆ ಅದನ್ನೇ ಸರಿಪಡಿಸಲು ನೋಡಿ. ಸಂಬಳ ಬೇಕೆನ್ನುವವರಿಗೆ ಔಟ್‌ರೀಚಿ ಇದೆ: ವರ್ಷಕ್ಕೆ ಎರಡು ಸರದಿ, ಮೂರು ತಿಂಗಳು, ಮನೆಯಿಂದಲೇ ಕೆಲಸ, 7,000 ಡಾಲರ್ ಗೌರವಧನ. ಈಗ ಅದು ಮಹಿಳೆಯರಿಗಷ್ಟೇ ಸೀಮಿತವಲ್ಲ, ತಂತ್ರಜ್ಞಾನದಲ್ಲಿ ತಾರತಮ್ಯ ಎದುರಿಸುವ ಎಲ್ಲರಿಗೂ ತೆರೆದಿದೆ. ಆಯ್ಕೆಗೆ ಮೊದಲು ಯೋಜನೆಯಲ್ಲಿ ಒಂದು ನಿಜವಾದ ಕೊಡುಗೆಯನ್ನು ಮಾಡಿ ತೋರಿಸಬೇಕಾಗುತ್ತದೆ. ಅದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಬಳಗದ ಪುರುಷರು ಏನು ಮಾಡಬೇಕು?

ನೋಂದಣಿ ಮೇಜಿನಲ್ಲಿ ಕುಳಿತುಕೊಳ್ಳಿ. ಸಭೆಯ ಟಿಪ್ಪಣಿ ನೀವು ಬರೆಯಿರಿ. ರಿವ್ಯೂಗೆ ಬಂದ ಪ್ಯಾಚನ್ನು ಒಪ್ಪುವುದಿಲ್ಲವಾದರೆ ಕಾರಣವನ್ನು ಎರಡು ಸಾಲಲ್ಲಿ ಹೇಳಿ. ಹರಟೆಯಲ್ಲಿ ಆದ ತೀರ್ಮಾನವನ್ನು ಮರುದಿನ ಎಲ್ಲರೂ ಓದುವ ಕಡೆ ಬರೆದು, ಅಲ್ಲಿಯವರೆಗೆ ಅದು ತೀರ್ಮಾನವಲ್ಲ ಎಂದು ನಡೆದುಕೊಳ್ಳಿ.

ನಮ್ಮ ಮಗಳು ದುಡ್ಡು ಬರದ ಕೆಲಸಕ್ಕೆ ಭಾನುವಾರ ಪೂರ್ತಿ ಕೂರುತ್ತಾಳೆ. ಇದರಿಂದ ಅವಳಿಗೆ ಏನು ಲಾಭ?

ಇದನ್ನು ಕೇಳಿದ ತಾಯಂದಿರು ಒಬ್ಬಿಬ್ಬರಲ್ಲ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದಾಗ ತೋರಿಸಲು ಬಹಿರಂಗವಾದ ಕೆಲಸ ಇರುತ್ತದೆ, ಅದನ್ನು ಯಾವ ಮ್ಯಾನೇಜರೂ ತನ್ನದೆಂದು ಹೇಳಿಕೊಳ್ಳಲಾರ. ಮದುವೆಯೋ ಮಗುವೋ ಕಾರಣವಾಗಿ ಎರಡು ವರ್ಷ ಉದ್ಯೋಗ ಬಿಟ್ಟರೂ ಕೈ ಪಳಗಿದಂತೆಯೇ ಉಳಿಯುತ್ತದೆ. ಇವು ಲಾಭಗಳೇ. ಆದರೆ ಅವಳ ತಮ್ಮ ಭಾನುವಾರ ಪೂರ್ತಿ ಕ್ರಿಕೆಟ್ ನೋಡಿದಾಗ ಇದೇ ಪ್ರಶ್ನೆಯನ್ನು ಅವನಿಗೂ ಕೇಳುತ್ತೀರಾ ಎಂದು ನಾನು ಒಮ್ಮೆ ಒಬ್ಬ ತಾಯಿಯನ್ನು ಕೇಳಿದೆ. ಅವರು ನಕ್ಕು, ಮುಂದಿನ ತಿಂಗಳ ಸಭೆ ಎಲ್ಲಿ ಎಂದು ವಿಚಾರಿಸಿದರು.

ಸಭೆಗೆ ಮಗುವನ್ನು ಕರೆತರಬಹುದೇ?

ಕರೆತನ್ನಿ. ಸಭಾಂಗಣದ ಹಿಂಭಾಗದಲ್ಲಿ ಚಾಪೆ ಹಾಸಿರುತ್ತೇವೆ, ಬಣ್ಣದ ಪೆನ್ಸಿಲ್‌ಗಳಿರುತ್ತವೆ, ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಸರದಿ ಯಾರದೆಂಬ ಪಟ್ಟಿ ಬಾಗಿಲ ಬಳಿ ಇರುತ್ತದೆ. ಆ ಪಟ್ಟಿಯಲ್ಲಿ ಗಂಡಸರ ಹೆಸರುಗಳೇ ಹೆಚ್ಚು.